ಪಾದದ ವೈದ್ಯನಿಗೆ ಎಷ್ಟು ಅಂಕ ಬೇಕು?

ನಮ್ಮ ಕನ್ನಡ ಕೂಟಗಳಲ್ಲಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಕಿವಿಗೆ ಬೀಳುವ ಮಾತುಕತೆ ಕೆಲವೊಮ್ಮೆ ಹೀಗಿರುತ್ತದೆ:

"ಮಗ ಏನು ಓದ್ತಾ ಇದಾನೆ ರಾಯರೇ?"

"ಪೊಡಿಯಾಟ್ರಿ ಕಾಲೇಜು ಸೇರಿದಾನೆ."

"ಓಹೋ, ಪೀಡಿಯಾಟ್ರಿಕ್ಸು! ಮಕ್ಕಳ ಡಾಕ್ಟರು! ಭೇಷ್, ಭೇಷ್."

ರಾಯರು ತಿದ್ದುವುದಿಲ್ಲ. "ಹ್ಞೂಂ" ಎಂದು ಬಿಸಿಬೇಳೆ ಭಾತಿನ ಪಾತ್ರೆಯ ಕಡೆಗೆ ಸರಿಯುತ್ತಾರೆ. ಅವರು ಸುಳ್ಳು ಹೇಳಿದರೆಂದು ದೂರುವಂತಿಲ್ಲ. ಕೇಳಿದವರೇ ತಪ್ಪಾಗಿ ಕೇಳಿಸಿಕೊಂಡರು. ಆದರೆ ಆ ಒಂದು "ಹ್ಞೂಂ" ಒಳಗೆ ಎರಡು ಸಂಕೋಚಗಳು ಅಡಗಿವೆ. ಮಗ ಹೃದಯವನ್ನಲ್ಲ, ಮಿದುಳನ್ನಲ್ಲ, ಕಾಲನ್ನು ನೋಡುವ ವೈದ್ಯನಾಗುತ್ತಾನೆ ಎಂಬುದು ಒಂದು. ಆ ಕಾಲೇಜಿಗೆ ಕಡಿಮೆ ಅಂಕದವರಿಗೂ ಸೀಟು ಸಿಗುತ್ತದೆ ಎಂಬ ಸಂಗತಿ ಎದುರಿನವರಿಗೆ ಗೊತ್ತಿದ್ದರೆ ಏನು ಗತಿ ಎಂಬುದು ಇನ್ನೊಂದು.

ಈ ಎರಡನೆಯ ಸಂಕೋಚದ ಹಿಂದೆ ಒಂದು ಗಂಭೀರವಾದ ಪ್ರಶ್ನೆ ಇದೆ. ಕಾಲೇಜಿನ ಗ್ರೇಡೂ ಸಾಧಾರಣ, ಪ್ರವೇಶ ಪರೀಕ್ಷೆಯ ಅಂಕವೂ ಸಾಧಾರಣವಾಗಿರುವ ಹುಡುಗನೋ ಹುಡುಗಿಯೋ ಪೊಡಿಯಾಟ್ರಿಗೆ ಅರ್ಜಿ ಹಾಕಬಹುದೆ? ಸೀಟು ಕೊಟ್ಟರೆ ತೆಗೆದುಕೊಳ್ಳಬಹುದೆ? ಕೊಡುವ ಕಾಲೇಜು ಮಾಡುತ್ತಿರುವುದು ಸರಿಯೆ? "ಸೇರಲು ಸಾಧ್ಯವೆ?" ಎಂಬುದಕ್ಕೆ ಕಾಲೇಜಿನ ಸಲಹೆಗಾರರು ಉತ್ತರ ಹೇಳುತ್ತಾರೆ. "ಸೇರುವುದು ಸರಿಯೆ?" ಎಂಬುದಕ್ಕೆ ಉತ್ತರವನ್ನು ನಾವೇ ಹುಡುಕಿಕೊಳ್ಳಬೇಕು. ಈ ಲೇಖನ ಎರಡನೆಯ ಪ್ರಶ್ನೆಯನ್ನು ಕುರಿತದ್ದು.

ಇದು ಯಾವ ವಿದ್ಯೆ?

ಮೊದಲು ವಿಷಯ ತಿಳಿದುಕೊಳ್ಳೋಣ. ಪೊಡಿಯಾಟ್ರಿ ಎಂಬ ಮಾತಿನ ಮೊದಲರ್ಧ ಗ್ರೀಕ್ ಭಾಷೆಯಲ್ಲಿ ಪಾದಕ್ಕೆ ಇರುವ ಹೆಸರು. ನಮ್ಮ "ಪಾದ" ಎಂಬ ಸಂಸ್ಕೃತ ಶಬ್ದಕ್ಕೆ ಅದು ದೂರದ ದಾಯಾದಿ. ಮಕ್ಕಳ ವೈದ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಪದವಿಯ ಹೆಸರು ಡಿ.ಪಿ.ಎಂ. ನಾಲ್ಕು ವರ್ಷದ ಕಾಲೇಜು ಮುಗಿಸಿದ ಮೇಲೆ ಮತ್ತೆ ನಾಲ್ಕು ವರ್ಷ, ಅದಾದ ಮೇಲೆ ಆಸ್ಪತ್ರೆಯಲ್ಲಿ ಮೂರು ವರ್ಷ ರೆಸಿಡೆನ್ಸಿ. ಅಮೆರಿಕದಲ್ಲಿ ಇಂಥ ಕಾಲೇಜುಗಳು ಬಹುಕಾಲ ಒಂಬತ್ತು ಮಾತ್ರ ಇದ್ದವು. 2022ರಲ್ಲಿ ಟೆಕ್ಸಾಸಿನಲ್ಲೂ 2023ರಲ್ಲಿ ಪೆನ್ಸಿಲ್ವೇನಿಯಾದಲ್ಲೂ ಒಂದೊಂದು ಸೇರಿ ಹನ್ನೊಂದಾದವು. ನ್ಯೂಯಾರ್ಕಿನದು 1911ರಲ್ಲಿ, ಶಿಕಾಗೋದ ಶೋಲ್ ಕಾಲೇಜು 1912ರಲ್ಲಿ ಆರಂಭವಾದವು. ಅಂಗಡಿಗಳಲ್ಲಿ ಕಾಲಿನ ಪಟ್ಟಿ, ಮುಲಾಮುಗಳ ಮೇಲೆ ಕಾಣುವ ಶೋಲ್ ಎಂಬ ಹೆಸರು ಆ ಕಾಲೇಜಿನ ಸ್ಥಾಪಕರದೇ.

ಪಾದ ಎಂದರೆ ಸಣ್ಣ ವಿಷಯವಲ್ಲ. ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಎರಡೂ ಸೇರಿದರೆ 52. ಇಡೀ ದೇಹದ 206 ಮೂಳೆಗಳಲ್ಲಿ ಕಾಲು ಭಾಗ ಎರಡು ಪಾದಗಳಲ್ಲೇ ಇವೆ. ಕಾಲಿನ ಆಣಿ, ಮಾಂಸದೊಳಕ್ಕೆ ಬೆಳೆದ ಉಗುರು, ಹೆಬ್ಬೆರಳಿನ ಬುಡದ ಗಂಟು ಇವುಗಳಿಂದ ಹಿಡಿದು ಮುರಿದ ಮೂಳೆಯ ಶಸ್ತ್ರಚಿಕಿತ್ಸೆಯವರೆಗೆ ಈ ವೈದ್ಯರ ಕೆಲಸ ಹರಡಿದೆ; ಎಷ್ಟರವರೆಗೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಸಕ್ಕರೆ ಕಾಯಿಲೆಯವರ ಕಾಲು. ಈ ದೇಶದಲ್ಲಿ ಮೂರು ಕೋಟಿ ಎಂಬತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ. ಭಾರತದಲ್ಲಿ ಹತ್ತು ಕೋಟಿ ದಾಟಿದೆ ಎಂದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳಿತು. ನಮ್ಮವರಿಗೆ ತೂಕ ಹೆಚ್ಚಿಲ್ಲದಿದ್ದರೂ ಈ ಕಾಯಿಲೆ ಬರುತ್ತದೆಂಬುದು ನಮ್ಮೆಲ್ಲರ ಮನೆಯ ಅನುಭವ. ಸಕ್ಕರೆ ಕಾಯಿಲೆ ಇರುವವರಲ್ಲಿ ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಕಾಲಿನಲ್ಲಿ ಹುಣ್ಣಾಗುತ್ತದೆ ಎಂದು ಅಂದಾಜು. ಕಾಲು ಕತ್ತರಿಸಬೇಕಾಗಿ ಬರುವ ಪ್ರಸಂಗಗಳಲ್ಲಿ ಹೆಚ್ಚಿನವು ಶುರುವಾಗುವುದು ಇಂಥ ಒಂದು ಹುಣ್ಣಿನಿಂದಲೇ. ಅದನ್ನು ಮೊದಲೇ ಕಂಡುಹಿಡಿದು ಕಾಲು ಉಳಿಸುವುದು ಈ ವೈದ್ಯರ ದಿನನಿತ್ಯದ ಕೆಲಸ.

ಓದು ಸುಲಭವೆಂದೂ ತಿಳಿಯಬಾರದು. ಮೊದಲ ಎರಡು ವರ್ಷ ಅನಾಟಮಿ, ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಫಾರ್ಮಕಾಲಜಿ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಇತರ ವೈದ್ಯಕೀಯ ವಿದ್ಯಾರ್ಥಿಗಳ ಜೊತೆ ಒಂದೇ ಕೊಠಡಿಯಲ್ಲಿ ಕುಳಿತು ಈ ಪಾಠಗಳನ್ನು ಕೇಳಬೇಕು. ಎರಡನೆಯ ವರ್ಷದ ಕೊನೆಗೆ ರಾಷ್ಟ್ರೀಯ ಪರೀಕ್ಷೆಯ ಮೊದಲ ಭಾಗ. ಸೇರುವಾಗಿನ ಅಂಕ ಕಡಿಮೆ ಎಂದಮಾತ್ರಕ್ಕೆ ಒಳಗಿನ ಪಾಠ ಕಡಿಮೆಯಲ್ಲ. ನಮ್ಮ ಪ್ರಶ್ನೆಯ ಗಂಟು ಇರುವುದೇ ಇಲ್ಲಿ.

ಮೆಜೆಸ್ಟಿಕ್‌ನ ಟವೆಲು

ಹಾಗಾದರೆ ಕಡಿಮೆ ಅಂಕಕ್ಕೆ ಸೀಟು ಏಕೆ ಸಿಗುತ್ತದೆ? ಎಂ.ಡಿ. ಕಾಲೇಜುಗಳಿಗೆ ಈ ದೇಶದಲ್ಲಿ ವರ್ಷಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕುತ್ತಾರೆ. ಸೇರುವವರು ಇಪ್ಪತ್ತಮೂರು ಸಾವಿರದ ಆಸುಪಾಸು. ಪೊಡಿಯಾಟ್ರಿಗೆ ಅರ್ಜಿ ಹಾಕುವವರು ಇತ್ತೀಚಿನ ವರ್ಷಗಳಲ್ಲಿ ಸಾವಿರದ ಸುತ್ತಮುತ್ತ ಮಾತ್ರ. ಎಂ-ಕ್ಯಾಟ್ ಪರೀಕ್ಷೆಯ ಅಂಕ 472ರಿಂದ 528ರವರೆಗೆ ಇರುತ್ತದೆ; ನಡುಬಿಂದು 500. ಎಂ.ಡಿ. ಸೇರುವವರ ಸರಾಸರಿ 511-512, ಜಿ.ಪಿ.ಎ. 3.8ರ ಹತ್ತಿರ. ಪೊಡಿಯಾಟ್ರಿ ಸೇರುವವರ ಸರಾಸರಿ 500ಕ್ಕಿಂತ ಕೆಳಗೆ, 490ರ ಮೇಲೆ, ಜಿ.ಪಿ.ಎ. ಸುಮಾರು 3.3, 3.4. ಸರಾಸರಿ ಇಷ್ಟಾದರೆ ಅದಕ್ಕಿಂತ ಕೆಳಗಿನವರೂ ಸೇರುತ್ತಾರೆ ಎಂದಾಯಿತು.

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಹಬ್ಬದ ಹಿಂದಿನ ದಿನ ಬಸ್ಸು ಹತ್ತಿದ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು. ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದವನು ಕುಳಿತು ಹೋಗುತ್ತಾನೆ. ಅವನಿಗೆ ಸೀಟು ಸಿಕ್ಕಿದ್ದು ನೂಕುನುಗ್ಗಲಲ್ಲಿ ಗೆದ್ದದ್ದರಿಂದ. ತುಮಕೂರಿಗೆ ಹೋಗಲು ಅವನು ಉಳಿದವರಿಗಿಂತ ಹೆಚ್ಚು ಯೋಗ್ಯನೆಂದಲ್ಲ. ಅದೇ ಬಸ್ಸು ಮಾಮೂಲಿ ಮಂಗಳವಾರ ಖಾಲಿ ಹೊರಟರೆ ಹತ್ತಿದವರಿಗೆಲ್ಲ ಸೀಟು. ತುಮಕೂರಿನ ದಾರಿಯೇನೂ ಆ ದಿನ ಕಡಿಮೆಯಾಗುವುದಿಲ್ಲ. ಪ್ರವೇಶದ ಕಟ್-ಆಫ್ ಅಂಕವೂ ಬಹುಮಟ್ಟಿಗೆ ಹೀಗೆಯೇ. ಸಾಲು ಎಷ್ಟು ಉದ್ದ ಇದೆ ಎಂಬುದನ್ನು ಅದು ಹೇಳುತ್ತದೆ. ಕೆಲಸಕ್ಕೆ ಎಷ್ಟು ಬುದ್ಧಿ ಬೇಕು ಎಂಬುದನ್ನು ಅದರಿಂದ ತಿಳಿಯಲಾಗದು.

ಇಲ್ಲಿ ನಮ್ಮ ಹಿರಿಯರು ಒಂದು ಆಕ್ಷೇಪ ಎತ್ತಬಹುದು. "ಇದೂ ಒಂದು ಡೊನೇಷನ್ ಸೀಟೇ ತಾನೆ? ಅಂಕ ಇಲ್ಲ, ದುಡ್ಡು ಕೊಟ್ಟು ಡಾಕ್ಟರಾಗುವುದು." ಕರ್ನಾಟಕದಿಂದ ಬಂದ ನಮಗೆ ಆ ಮಾತಿನ ಕಹಿ ಚೆನ್ನಾಗಿ ಗೊತ್ತು. 1984ರಲ್ಲಿ ನಮ್ಮ ರಾಜ್ಯ ಕ್ಯಾಪಿಟೇಷನ್ ಶುಲ್ಕದ ವಿರುದ್ಧ ಕಾನೂನು ತಂದಿತು; 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಕಾಲೇಜುಗಳ ಈ ಪದ್ಧತಿಯನ್ನೇ ಖಂಡಿಸಿತು; 1994ರಿಂದ ಸಿ.ಇ.ಟಿ. ಬಂತು. ಆದರೆ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಡೊನೇಷನ್ ಸೀಟಿನಲ್ಲಿ ಒಂದೇ ತರಗತಿಯ ಒಂದೇ ಬೆಂಚಿಗೆ ಇಬ್ಬರಿಗೆ ಎರಡು ಬೆಲೆ. ಅಂಕ ಇದ್ದ ಬಡವನನ್ನು ಬದಿಗೆ ಸರಿಸಿ ಹಣವಂತ ಕೂರುತ್ತಿದ್ದ. ಪೊಡಿಯಾಟ್ರಿಯಲ್ಲಿ ಬದಿಗೆ ಸರಿದವರು ಯಾರೂ ಇಲ್ಲ. ಬೆಂಚು ಖಾಲಿ ಇತ್ತು, ಇವನು ಕುಳಿತ. ಎಂ.ಡಿ.ಗಾಗಿ ಹಗಲಿರುಳು ಓದಿದವನಿಂದ ಇವನು ಏನನ್ನೂ ಕಸಿದುಕೊಳ್ಳಲಿಲ್ಲ. ಆದ್ದರಿಂದ ಇತರ ಅರ್ಜಿದಾರರಿಗೆ ಅನ್ಯಾಯವಾಯಿತು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಅನ್ಯಾಯ ಆಗುವುದಾದರೆ ಇಬ್ಬರಿಗೆ ಆಗಬಹುದು. ಒಬ್ಬರು ಮುಂದೆ ಇವನ ಕೈಗೆ ಕಾಲು ಕೊಡುವ ರೋಗಿ. ಇನ್ನೊಬ್ಬ ಸ್ವತಃ ಇವನೇ.

ನಾಲ್ವರು, ಒಂದೇ ಅಂಕ

"ಅಂಕದಲ್ಲೇನಿದೆ, ಮನಸ್ಸು ಒಳ್ಳೆಯದಿದ್ದರೆ ಸಾಕು" ಎಂದು ತೇಲಿಸಿಬಿಡುವುದು ಸುಲಭ. ಆದರೆ ಅದು ಪ್ರಾಮಾಣಿಕ ಮಾತಲ್ಲ. ಅಂಕ ಏನೋ ಒಂದನ್ನು ಅಳೆಯುತ್ತದೆ. ಬಯೋಕೆಮಿಸ್ಟ್ರಿಯಲ್ಲಿ ಎಡವಿದವನಿಗೆ ಮುಂದೆ ಅದಕ್ಕಿಂತ ಕಠಿಣವಾದ ಬಯೋಕೆಮಿಸ್ಟ್ರಿ ಕಾದಿದೆ. ಆದರೆ ಏಕೆ ಎಡವಿದ ಎಂಬುದನ್ನು ಅಂಕ ಹೇಳುವುದಿಲ್ಲ. ನೈತಿಕವಾಗಿ ಮುಖ್ಯವಾದದ್ದು ಆ ಕಾರಣವೇ.

ನಾಲ್ವರನ್ನು ಕಲ್ಪಿಸಿಕೊಳ್ಳೋಣ. ನಾಲ್ವರಿಗೂ ಜಿ.ಪಿ.ಎ. 2.9, ಎಂ-ಕ್ಯಾಟ್ 489.

ಮೊದಲನೆಯವಳು ರಾತ್ರಿಯೆಲ್ಲ ಅಪ್ಪನ ಮೋಟೆಲಿನ ಕೌಂಟರಿನಲ್ಲಿ ಕುಳಿತು, ಬೆಳಿಗ್ಗೆ ಎಂಟಕ್ಕೆ ಕೆಮಿಸ್ಟ್ರಿ ಲ್ಯಾಬಿಗೆ ಹೋದವಳು. ಅಮ್ಮನಿಗೆ ಕಾಯಿಲೆ. ಇವಳ ಅಂಕ ಇವಳ ಶಕ್ತಿಯನ್ನು ಹೇಳುವುದಿಲ್ಲ. ಇವಳಿಗೆ ಸಿಕ್ಕಿದ ನಿದ್ದೆಯನ್ನು ಹೇಳುತ್ತದೆ. ಎರಡನೆಯವನು ಮೊದಲ ಎರಡು ವರ್ಷ ಮನೆ ಬಿಟ್ಟ ಹೊಸತರಲ್ಲಿ ದಾರಿ ತಪ್ಪಿ, ಕೊನೆಯ ಎರಡು ವರ್ಷ ಸಾಲಾಗಿ 'ಎ' ತೆಗೆದವನು. ಸರಾಸರಿ ಎಂಬುದು ಹಳೆಯ ಹುಡುಗನನ್ನೂ ಹೊಸ ಹುಡುಗನನ್ನೂ ಕಲಸಿ ಕೊಟ್ಟ ಲೆಕ್ಕ. ಈಗ ಇರುವವನು ಹೊಸಬ. ಮೂರನೆಯವನು ಎಲ್ಲ ಸೌಕರ್ಯವಿದ್ದು, ಟ್ಯೂಷನ್ ಇಟ್ಟು, ಬೆವರು ಸುರಿಸಿ ಓದಿ, ಅದೇ ವಿಷಯವನ್ನು ಎರಡು ಸಲ ತೆಗೆದುಕೊಂಡು, ಆದರೂ ಅಷ್ಟೇ ಅಂಕ ಪಡೆದವನು. ನಾಲ್ಕನೆಯವಳಿಗೆ ಚರಿತ್ರೆ ಓದುವ ಆಸೆ ಇತ್ತು. ಮನೆಯವರ ಮಾತಿಗೆ ಪರೀಕ್ಷೆಗೆ ಕುಳಿತಳು. ಅವಳ ಅಂಕ ಅಪ್ಪ ಅಮ್ಮನಿಗೆ ಬರೆದ ಪತ್ರ, ಅವರು ಓದಿಲ್ಲ.

ಮೊದಲಿನ ಇಬ್ಬರು ಅರ್ಜಿ ಹಾಕುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹಾಕುವ ಮುಂಚೆ ಒಂದು ಕೆಲಸ ಮಾಡುವುದು ಒಳ್ಳೆಯದು: ರಾತ್ರಿ ಪಾಳಿ ಇಲ್ಲದ ಒಂದು ವರ್ಷ, ಎರಡೋ ಮೂರೋ ಕಠಿಣ ವಿಜ್ಞಾನದ ವಿಷಯಗಳು, ಮತ್ತೆ ಒಮ್ಮೆ ಪರೀಕ್ಷೆ. ಇದು ಕಾಲೇಜನ್ನು ಒಪ್ಪಿಸಲಿಕ್ಕಿಂತ ಹೆಚ್ಚಾಗಿ ತನಗೆ ತಾನೇ ಒಪ್ಪಿಸಿಕೊಳ್ಳಲಿಕ್ಕೆ. "ನನಗೆ ಸಮಯ ಇದ್ದಿದ್ದರೆ ಮಾಡುತ್ತಿದ್ದೆ" ಎಂಬ ಮಾತು ನಿಜವೋ ಸಮಾಧಾನವೋ ಎಂದು ತಿಳಿಯಲು ಸಮಯ ಕೊಟ್ಟು ನೋಡುವುದೊಂದೇ ದಾರಿ.

ನಾಲ್ಕನೆಯವಳಿಗೆ ಸೀಟು ಸಿಕ್ಕರೂ ಅದು ಅವಳ ಸೀಟಲ್ಲ. ಆ ಮನೆಯಲ್ಲಿ ಮಾತು ಆಗಬೇಕಾದ್ದು ಬೇರೆ.

ಕಷ್ಟವಿರುವುದು ಮೂರನೆಯವನ ವಿಷಯದಲ್ಲಿ. ಶ್ರಮದ ಲೆಕ್ಕದಲ್ಲಿ ನಾಲ್ವರಲ್ಲಿ ಅವನೇ ದೊಡ್ಡವನು. ಶ್ರಮಪಟ್ಟವನಿಗೆ ಫಲ ಸಿಗಬೇಕೆಂದು ನಮ್ಮ ಮನಸ್ಸು ಬಯಸುತ್ತದೆ. ಆದರೆ ಅವನನ್ನು ಪ್ರೀತಿಸುವವರು ಹೇಳಬೇಕಾದ ಮಾತು ಒಂದಿದೆ: ಈ ದಾರಿಯ ಮೊದಲ ಎರಡು ವರ್ಷ ನಿನಗೆ ಯಾವುದು ದಕ್ಕಲಿಲ್ಲವೋ ಅದರದೇ ಇಮ್ಮಡಿ. ಕಾಲೇಜು ಬಾಗಿಲು ತೆರೆದಿತ್ತು ಎಂಬುದು ಒಳಗೆ ಹೋಗಲು ಸಾಕಾದ ಕಾರಣವಲ್ಲ. ಪಾದಕ್ಕೆ ತಕ್ಕ ಷೂ, ಒಳಪಟ್ಟಿ ಅಳತೆ ಮಾಡಿ ಕೊಡುವ ಪೆಡಾರ್ಥಿಸ್ಟ್ ಕೆಲಸವೂ ಕಾಲನ್ನು ಉಳಿಸುವ ಕೆಲಸವೇ. ಇಂಥ ಬೇರೆ ದಾರಿಗಳನ್ನು ತೋರಿಸದೆ "ಪ್ರಯತ್ನ ಮಾಡಪ್ಪಾ, ದೇವರಿದ್ದಾನೆ" ಎಂದು ಕಳುಹಿಸುವುದು ಪ್ರೋತ್ಸಾಹದಂತೆ ಕಾಣುತ್ತದೆ. ಬಹಳ ಸಲ ಅದು ಕಹಿ ಮಾತಾಡುವ ಕಷ್ಟದಿಂದ ನಾವು ತಪ್ಪಿಸಿಕೊಳ್ಳುವ ಬಗೆ.

ಕಾಲೇಜಿನ ಧರ್ಮ

ಇನ್ನು ಸೀಟು ಕೊಡುವವರ ವಿಚಾರ. ಕಡಿಮೆ ಅಂಕದವನಿಗೂ ಅವಕಾಶ ಕೊಡುತ್ತೇವೆ ಎಂಬ ಮಾತಿನಲ್ಲಿ ಔದಾರ್ಯ ಇದೆ. ಅದರ ಜೊತೆಗೇ ಫೀಸೂ ಇದೆ. ಹೆಚ್ಚಿನ ಪೊಡಿಯಾಟ್ರಿ ಕಾಲೇಜುಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ ನಲವತ್ತು ಸಾವಿರ ಡಾಲರು ದಾಟುತ್ತದೆ. ಊಟ, ಬಾಡಿಗೆ ಬೇರೆ. ಎರಡು ವರ್ಷ ಓದಿ ರಾಷ್ಟ್ರೀಯ ಪರೀಕ್ಷೆಯ ಮೊದಲ ಭಾಗದಲ್ಲಿ ಮತ್ತೆ ಮತ್ತೆ ಸೋತು ಹೊರಬಿದ್ದವನ ಕೈಯಲ್ಲಿ ಪದವಿ ಇಲ್ಲ, ತಲೆಯ ಮೇಲೆ ಲಕ್ಷ ಡಾಲರಿನ ಸಾಲ ಇದೆ. ಎಂ.ಡಿ. ಕಾಲೇಜು ಬಾಗಿಲಲ್ಲೇ "ಆಗುವುದಿಲ್ಲ" ಎಂದಾಗ ಅವನಿಗೆ ಆದ ನೋವು ಒಂದು ತಿಂಗಳಿನದು. ಇಲ್ಲಿ ಅದೇ ಮಾತನ್ನು ಎರಡು ವರ್ಷ ತಡಮಾಡಿ, ದುಬಾರಿ ಬೆಲೆಗೆ ಹೇಳಿದಂತಾಯಿತು. ಜರಡಿ ಮಾಯವಾಗಲಿಲ್ಲ, ಬಾಗಿಲಿನಿಂದ ನಡುಮನೆಗೆ ಹೋಯಿತು.

ಹಾಗೆಂದು ಬಾಗಿಲು ಎತ್ತರಿಸಿಬಿಡಬೇಕು ಎನ್ನಲಾರೆ. ನಮ್ಮ ಮೊದಲನೆಯವಳೂ ಎರಡನೆಯವನೂ ಆ ತಗ್ಗು ಬಾಗಿಲಿನಿಂದಲೇ ಬರಬೇಕಾದವರು. ಆದರೆ ತಗ್ಗು ಬಾಗಿಲಿಟ್ಟವರಿಗೆ ಒಂದು ಹೊಣೆ ಇದೆ. ಒಳಗೆ ಕರೆದವರಿಗೆ ಪಾಠ ಹೇಳಿಕೊಡುವ ಹೆಚ್ಚಿನ ವ್ಯವಸ್ಥೆ ಬೇಕು. ಮೊದಲ ಪರೀಕ್ಷೆಯಲ್ಲಿ ಎಡವಿದ ವಾರವೇ ಕರೆದು ಮಾತಾಡುವವರು ಬೇಕು. ಆಗುವುದಿಲ್ಲವೆಂದು ಕಂಡರೆ ಎರಡನೆಯ ವರ್ಷದ ಫೀಸು ಕಟ್ಟಿಸಿಕೊಳ್ಳುವ ಮುಂಚೆ ಹೇಳುವ ಪ್ರಾಮಾಣಿಕತೆ ಬೇಕು. ಅತಿಥಿಯನ್ನು ಊಟಕ್ಕೆ ಕರೆದು ಎಲೆ ಹಾಕಿ, ಬಡಿಸುವವರು ಬಾರದಿದ್ದರೆ ಆ ಮನೆಯನ್ನು ಧಾರಾಳಿ ಎನ್ನುತ್ತೇವೆಯೆ?

ತಂದೆತಾಯಿಯರು ಇಲ್ಲಿ ಲೆಕ್ಕ ಕೇಳಬಹುದು, ಕೇಳಲೇಬೇಕು. ಸೇರಿದವರಲ್ಲಿ ನಾಲ್ಕು ವರ್ಷದಲ್ಲಿ ಮುಗಿಸಿದವರೆಷ್ಟು? ರಾಷ್ಟ್ರೀಯ ಪರೀಕ್ಷೆಯ ಮೊದಲ ಭಾಗವನ್ನು ಮೊದಲ ಸಲಕ್ಕೇ ಪಾಸು ಮಾಡಿದವರೆಷ್ಟು? ರೆಸಿಡೆನ್ಸಿ ಸಿಕ್ಕಿದವರೆಷ್ಟು? ಈ ಅಂಕಿಅಂಶಗಳನ್ನು ಕಾಲೇಜುಗಳು ಪ್ರಕಟಿಸಬೇಕೆಂಬ ನಿಯಮವಿದೆ. 2010ರ ದಶಕದ ಆರಂಭದಲ್ಲಿ ರೆಸಿಡೆನ್ಸಿ ಸ್ಥಾನಗಳು ಸಾಲದೆ, ಪದವಿ ಪಡೆದ ಕೆಲವರು ಕೈಕಟ್ಟಿ ಕೂರಬೇಕಾಗಿ ಬಂದಿತ್ತು. ರೆಸಿಡೆನ್ಸಿ ಇಲ್ಲದ ಡಿ.ಪಿ.ಎಂ. ಬಹುತೇಕ ಕಡೆ ವೃತ್ತಿ ನಡೆಸಲಾರ. ಸಾಲದ ನಿಯಮವೂ ಬದಲಾಗಿದೆ: 2025ರ ಕಾನೂನಿನ ಪ್ರಕಾರ 2026ರ ಜುಲೈನಿಂದ ಹೊಸದಾಗಿ ಸಾಲ ಪಡೆಯುವ ಇಂಥ ವೃತ್ತಿಶಿಕ್ಷಣದ ವಿದ್ಯಾರ್ಥಿಗೆ ಸರ್ಕಾರದ ಸಾಲ ವರ್ಷಕ್ಕೆ 50,000 ಡಾಲರು, ಒಟ್ಟು 200,000 ಡಾಲರು ಮಾತ್ರ. ಮಗಳ ಮದುವೆಗೆ ಛತ್ರ ಗೊತ್ತು ಮಾಡುವಾಗ ನಾವು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟನ್ನಾದರೂ ಕಾಲೇಜು ಗೊತ್ತು ಮಾಡುವಾಗ ಕೇಳಬೇಡವೆ?

ನೂಲಿನ ಪರೀಕ್ಷೆ

ರೋಗಿಯ ಕಡೆಯಿಂದ ನೋಡೋಣ. ಸಕ್ಕರೆ ಕಾಯಿಲೆಯವರ ಪಾದದ ಸ್ಪರ್ಶಜ್ಞಾನ ನೋಡಲು ವೈದ್ಯರ ಬಳಿ ಒಂದು ನೈಲಾನ್ ಎಳೆ ಇರುತ್ತದೆ. ಹತ್ತು ಗ್ರಾಮಿನಷ್ಟು ಒತ್ತಡಕ್ಕೆ ಅದು ಬಾಗುತ್ತದೆ. ಕಣ್ಣು ಮುಚ್ಚಿಸಿ ಅಂಗಾಲಿಗೆ ಅದನ್ನು ಒತ್ತಿ "ತಿಳಿಯುತ್ತಾ?" ಎಂದು ಕೇಳುತ್ತಾರೆ. ತಿಳಿಯದಿದ್ದರೆ ಆ ಕಾಲಿಗೆ ಮುಳ್ಳು ಚುಚ್ಚಿದರೂ, ಷೂ ಕಚ್ಚಿದರೂ ಗೊತ್ತಾಗುವುದಿಲ್ಲ. ಈ ಪರೀಕ್ಷೆ ಹತ್ತು ವರ್ಷದ ಮಗುವಿಗೂ ಬರುತ್ತದೆ. ಆದರೆ ನೂರನೆಯ ರೋಗಿಗೂ ಮೊದಲ ರೋಗಿಗೆ ಮಾಡಿದಂತೆಯೇ, ಕಾಲುಚೀಲ ಬಿಚ್ಚಿಸಿ, ಬೆರಳ ಸಂದಿಯನ್ನೆಲ್ಲ ನೋಡಿ ಮಾಡುವುದು ಎಲ್ಲರಿಗೂ ಬರುವುದಿಲ್ಲ. ಆ ಶ್ರದ್ಧೆಯನ್ನು ಅಳೆಯುವ ಪ್ರವೇಶ ಪರೀಕ್ಷೆ ಎಲ್ಲೂ ಇಲ್ಲ. ಹೆಚ್ಚು ಅಂಕದವನಲ್ಲಿ ಅದು ಇದ್ದೇ ಇರುತ್ತದೆ ಎನ್ನಲಾಗದು. ಕಡಿಮೆ ಅಂಕದವನಲ್ಲಿ ಇದ್ದೇ ಇರುತ್ತದೆ ಎಂದು ಸಿನಿಮಾದಂತೆ ನಂಬುವುದೂ ತಪ್ಪು.

ಅಂಗಾಲಿಗೆ ಸ್ಪರ್ಶವಿಲ್ಲದ ಅಜ್ಜಿ ತನ್ನ ವೈದ್ಯನ ಜಿ.ಪಿ.ಎ. ಕೇಳುವುದಿಲ್ಲ. ಗೋಡೆಯ ಮೇಲೆ ತೂಗುಹಾಕಿದ ಲೈಸೆನ್ಸನ್ನು ನಂಬುತ್ತಾಳೆ. ಆ ಲೈಸೆನ್ಸು ಸಮಾಜ ಅವಳಿಗೆ ಕೊಟ್ಟ ಮಾತು. ಆದ್ದರಿಂದ ನನಗೆ ತೋರುವುದು ಇಷ್ಟು: ಒಳಗೆ ಬರುವ ಬಾಗಿಲು ತಗ್ಗಾಗಿರಬಹುದು, ಹೊರಗೆ ಹೋಗುವ ಬಾಗಿಲು ತಗ್ಗಾಗಬಾರದು. ಪ್ರವೇಶದಲ್ಲಿ ತೋರುವ ದಯೆಯ ಬೆಲೆಯನ್ನು ಕಾಲೇಜು ಕೊಡಲಿ, ವಿದ್ಯಾರ್ಥಿ ಕೊಡಲಿ, ಅಜ್ಜಿ ಕೊಡುವಂತಾಗಬಾರದು. ಕಡಿಮೆ ಅಂಕದಿಂದ ಸೇರಿ, ಎಲ್ಲರಂತೆ ಅದೇ ಪರೀಕ್ಷೆಗಳನ್ನು ಪಾಸು ಮಾಡಿ, ಅದೇ ಮೂರು ವರ್ಷ ರೆಸಿಡೆನ್ಸಿ ಮುಗಿಸಿ ಬಂದವನನ್ನು ಅವನ ಇಪ್ಪತ್ತನೆಯ ವಯಸ್ಸಿನ ಅಂಕ ತೆಗೆದು ಹಂಗಿಸುವ ಅಧಿಕಾರ ಯಾರಿಗೂ ಇಲ್ಲ.

ಇದೇ ಕಾರಣಕ್ಕೆ ಅರ್ಜಿಯೂ ನೇರವಾಗಿರಬೇಕು. ಓದಿದ ಎಲ್ಲ ಕಾಲೇಜುಗಳ ಅಂಕಪಟ್ಟಿ ಕಳುಹಿಸಬೇಕು. ಕೆಟ್ಟ ಸೆಮಿಸ್ಟರನ್ನು ಬಚ್ಚಿಡುವಂತಿಲ್ಲ. ಪ್ರಬಂಧ ಬರೆಯುವಾಗ ಊರಿನ ಅಜ್ಜಿಯ ಕಾಲಿಗೆ ಇಲ್ಲದ ಗ್ಯಾಂಗ್ರೀನ್ ತರಿಸುವುದು, ಅಪ್ಪನೇ ಕುಳಿತು ಪ್ರಬಂಧ ಬರೆದುಕೊಡುವುದು ಇವು ನಮ್ಮಲ್ಲಿ "ಸಹಾಯ" ಎಂಬ ಹೆಸರಿನಲ್ಲಿ ನಡೆಯುತ್ತವೆ. ರೋಗಿಯ ಚಾರ್ಟಿನಲ್ಲಿ ಕಂಡದ್ದನ್ನು ಕಂಡಂತೆ ಬರೆಯಬೇಕಾದವನು ತನ್ನ ಬಗ್ಗೆ ಬರೆಯುವ ಮೊದಲ ಕಾಗದದಲ್ಲೇ ಕಾಣದ್ದನ್ನು ಬರೆದರೆ ಹೇಗೆ? "ಆ ವರ್ಷ ನನ್ನ ಗ್ರೇಡು ಕೆಟ್ಟಿತು, ಕಾರಣ ಇದು, ಆಮೇಲೆ ಮಾಡಿದ್ದು ಇದು" ಎಂಬ ಮೂರು ಸಾಲು ಸಾಕು. ಕಾರಣ ಹೇಳುವುದಕ್ಕೂ ನೆಪ ಹೇಳುವುದಕ್ಕೂ ಇರುವ ವ್ಯತ್ಯಾಸ ಆ ಮೂರನೆಯ ತುಂಡಿನಲ್ಲಿದೆ.

ಕಾಲಿಗೆ ನಮಸ್ಕಾರ, ಕಾಲಿನ ಡಾಕ್ಟರಿಗೆ?

ಈಗ ರಾಯರ ಮೊದಲನೆಯ ಸಂಕೋಚಕ್ಕೆ ಬರೋಣ. ಪಾದದ ವಿಷಯದಲ್ಲಿ ನಮ್ಮ ನಡವಳಿಕೆ ವಿಚಿತ್ರ. ಹಿರಿಯರ ಕಾಲು ಮುಟ್ಟಿ ನಮಸ್ಕರಿಸುತ್ತೇವೆ, ಗುರುಗಳಿಗೆ ಪಾದಪೂಜೆ ಮಾಡುತ್ತೇವೆ. ಭರತ ಹದಿನಾಲ್ಕು ವರ್ಷ ರಾಜ್ಯವನ್ನು ಅಣ್ಣನ ಪಾದುಕೆಯ ಹೆಸರಿನಲ್ಲಿ ಆಳಿದ ಕತೆಯನ್ನು ಮಕ್ಕಳಿಗೆ ಹೇಳುತ್ತೇವೆ. ಆದರೆ ಆ ಪಾದುಕೆಯನ್ನು ಹೊಲಿದವನನ್ನು ಊರ ಹೊರಗೆ ಇಟ್ಟೆವು. ಹರಳಯ್ಯನ ಕತೆ ನಮಗೆಲ್ಲ ಗೊತ್ತು: ಬಸವಣ್ಣನವರು ತನಗೆ "ಶರಣು ಶರಣಾರ್ಥಿ" ಎಂದ ಋಣ ತೀರಿಸಲು ತನ್ನ ಮತ್ತು ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಮೆಟ್ಟು ಮಾಡಿಕೊಟ್ಟ ಶರಣ. ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲೆ ಇಟ್ಟುಕೊಂಡರಂತೆ. ಕತೆ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ನಮ್ಮ ಮಗ ಪರರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತಾನೆ ಎಂದರೆ ದನಿ ತಗ್ಗಿಸುತ್ತೇವೆ. ಈ ಸಂಕೋಚ ವೃತ್ತಿಯ ಕುರಿತದ್ದಲ್ಲ, ಹಳೆಯ ಜಾತಿಯ ನೆರಳು. ಅದನ್ನು ಸಮುದ್ರ ದಾಟಿಸಿಕೊಂಡು ಬಂದವರು ನಾವೇ.

ಪಾದದ ವಿದ್ಯೆಗೆ ನಮ್ಮ ನಾಡಿನ ಕೊಡುಗೆಯೂ ಸಣ್ಣದಲ್ಲ. 1946ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕೈಕಾಲನ್ನು ನೋಡಿ ನೋಡಿ ಒಂದು ಸತ್ಯ ಕಂಡುಕೊಂಡರು: ಬೆರಳುಗಳು ಸವೆಯುವುದು ರೋಗಾಣು ತಿನ್ನುವುದರಿಂದಲ್ಲ; ನೋವು ತಿಳಿಯದ ಕಾಲಿಗೆ ಆಗುವ ಸಣ್ಣ ಸಣ್ಣ ಗಾಯಗಳಿಂದ. 1966ರಲ್ಲಿ ಅವರು ಲೂಯಿಸಿಯಾನಾದ ಕಾರ್ವಿಲ್ ಆಸ್ಪತ್ರೆಗೆ ಬಂದ ಮೇಲೆ ಅದೇ ತಿಳಿವಳಿಕೆ ಸಕ್ಕರೆ ಕಾಯಿಲೆಯವರ ಕಾಲಿಗೂ ಅನ್ವಯವಾಯಿತು. ಇಂದು ಇಲ್ಲಿನ ಪಾದವೈದ್ಯರು ಮಾಡುವ ಕೆಲಸದ ಒಂದು ಬೇರು ತಮಿಳುನಾಡಿನ ಕುಷ್ಠರೋಗಿಗಳ ಪಾದದಲ್ಲಿದೆ. ಇನ್ನು ಜೈಪುರದ ಕೃತಕ ಕಾಲು. 1960ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದವರು ಇಬ್ಬರು: ವಿದೇಶದಲ್ಲಿ ಓದಿದ ಮೂಳೆತಜ್ಞ ಡಾ. ಪಿ.ಕೆ. ಸೇಠಿ, ಮತ್ತು ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಕುಶಲಕರ್ಮಿ ರಾಮಚಂದ್ರ ಶರ್ಮ. ಚಕ್ಕಳಮಕ್ಕಳ ಹಾಕಿ ಕೂರಲು, ಗದ್ದೆಯ ಕೆಸರಿನಲ್ಲಿ ನಡೆಯಲು ಬರುವ ಕಾಲು ಅದು. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಸೇಠಿಯವರಿಗೆ. ಆದರೆ ಶರ್ಮರ ಕೈ ಇಲ್ಲದಿದ್ದರೆ ಆ ಕಾಲು ಇರುತ್ತಿರಲಿಲ್ಲ. ಇದರಿಂದ ಅಂಕ ಬೇಡ ಎಂದು ಸಾಧಿಸಲು ಹೊರಟಿಲ್ಲ. ಸೇಠಿಯವರ ಓದೂ ಬೇಕಾಗಿತ್ತು. ಕಾಲಿನ ಮುಂದೆ ಕುಳಿತಾಗ ಓದು ಮತ್ತು ಕೈ ಎರಡೂ ಬೇಕು ಎಂಬುದಷ್ಟೇ ಮಾತು.

ಎರಡನೆಯ ಆಯ್ಕೆ

ಕೊನೆಯದಾಗಿ ಒಂದು ಮಾತು ಉಳಿಯಿತು. "ಎಂ.ಡಿ. ಸಿಗಲಿಲ್ಲ, ಅದಕ್ಕೆ ಇಲ್ಲಿಗೆ ಬಂದ" ಎಂಬುದು ಅಪರಾಧವೆ? ನಮ್ಮ ಬಾಳನ್ನೇ ತಿರುಗಿ ನೋಡಿದರೆ ಮೊದಲನೆಯ ಆಯ್ಕೆಯಲ್ಲಿ ಬದುಕುತ್ತಿರುವವರು ಎಷ್ಟು ಮಂದಿ ಸಿಕ್ಕಾರು? ಮೆಡಿಕಲ್ ಸಿಗದೆ ಇಂಜಿನಿಯರಿಂಗು, ಅದೂ ಸಿಗದೆ ಬಿ.ಎಸ್ಸಿ., ಬೆಂಗಳೂರಿನಲ್ಲಿ ಕೆಲಸ ಸಿಗದೆ ಸಮುದ್ರದಾಚೆ. ಎರಡನೆಯ ಆಯ್ಕೆಯಾಗಿ ಬಂದ ದೇಶದಲ್ಲಿ ನಾವು ಮನೆ ಕಟ್ಟಿಲ್ಲವೆ, ಕನ್ನಡ ಕೂಟ ಕಟ್ಟಿಲ್ಲವೆ? ಹೇಗೆ ಬಂದೆವು ಎಂಬುದಕ್ಕಿಂತ ಬಂದಮೇಲೆ ಹೇಗೆ ಇದ್ದೇವೆ ಎಂಬುದು ಹೆಚ್ಚಿನದು.

ಆದರೆ ಒಂದು ಕರಾರು. ಎರಡನೆಯ ಆಯ್ಕೆಯನ್ನು ಕಣ್ಣುಬಿಟ್ಟು ನೋಡಿ ಆರಿಸಿಕೊಳ್ಳಬೇಕು. ಅರ್ಜಿ ಹಾಕುವ ಮುಂಚೆ ಪಾದವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲವು ವಾರ ನಿಲ್ಲಬೇಕು. ಎಂಬತ್ತು ವರ್ಷದವರ ಕಲ್ಲಿನಂಥ ಉಗುರು, ಕೀವು ಕಟ್ಟಿದ ಹುಣ್ಣಿನ ವಾಸನೆ, ತಿಂಗಳಾನುಗಟ್ಟಲೆ ಮಾಯದ ಗಾಯದ ಎದುರು ಕಳೆದುಹೋಗುವ ತಾಳ್ಮೆ ಇವನ್ನೆಲ್ಲ ಕಂಡು, ಮರುದಿನವೂ ಹೋಗಲು ಮನಸ್ಸು ಬಂದರೆ ಅವನ ಅರ್ಜಿಗೆ ಅರ್ಥವಿದೆ. "ಹೇಗೂ ಹೆಸರಿನ ಮುಂದೆ ಡಾಕ್ಟರ್ ಅಂತ ಬರುತ್ತೆ" ಎಂಬುದಷ್ಟೇ ಆಸೆಯಾದರೆ, ಅವನ ಅಂಕ ಎಷ್ಟೇ ಇರಲಿ, ಆ ಬೆಂಚು ಅವನದಲ್ಲ.

ಇದನ್ನು ಓದುತ್ತಿರುವ ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳ ಅಂಕಪಟ್ಟಿ ನೋಡುವಾಗ ಅಂಕವನ್ನು ನೋಡಿ, ಕಾರಣವನ್ನೂ ಕೇಳಿ. ಕಾಲೇಜಿನಿಂದ ಒಪ್ಪಿಗೆಯ ಪತ್ರ ಬಂದರೆ ಸಿಹಿ ಹಂಚುವ ಮುಂಚೆ ಆ ಮೂರು ಲೆಕ್ಕಗಳನ್ನು ತರಿಸಿ ನೋಡಿ. ಮಗನೋ ಮಗಳೋ ಎಲ್ಲವನ್ನೂ ತಿಳಿದು ಆ ದಾರಿ ಹಿಡಿದರೆ, ಯಾರಾದರೂ "ಪೀಡಿಯಾಟ್ರಿಕ್ಸೇ?" ಎಂದಾಗ ತಿದ್ದಿ ಹೇಳಿ. ಕೇಳಿದವರ ಮನೆಯಲ್ಲೂ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಅವರ ಕಾಲನ್ನು ಈ ವರ್ಷ ಯಾರಾದರೂ ನೋಡಿದ್ದಾರೆಯೆ ಎಂದು ವಿಚಾರಿಸುವುದಕ್ಕೂ ಅದೊಂದು ಒಳ್ಳೆಯ ಸಂದರ್ಭ.

ಈ ವಿಷಯದಲ್ಲಿ ಬೇರೆ ಅಭಿಪ್ರಾಯ ಇರುವವರು, ಅದರಲ್ಲೂ ಈ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಯುವಜನರು, ಮುಂದಿನ ಸಂಚಿಕೆಗೆ ಬರೆದರೆ ಚರ್ಚೆ ಬೆಳೆದೀತು.